ಗೋ ಭಾಷೆಯ ಸಣ್ಣಕ್ಷರ ಮುಚ್ಚಿಡುವುದು ಏನನ್ನು?

ಗೋ ಭಾಷೆಯಲ್ಲಿ ಟೈಪ್‌ನ ಹೆಸರು ಸಣ್ಣಕ್ಷರದಿಂದ ಶುರುವಾದರೆ ಹೊರಗಿನ ಪ್ಯಾಕೇಜ್‌ಗಳು ಅದನ್ನು ಮುಟ್ಟಲಾರವು ಎಂದು ಅನೇಕರು ನಂಬಿದ್ದಾರೆ. ನಿಯಮ ಅಷ್ಟು ದೂರ ಹೋಗುವುದಿಲ್ಲ. ಹೊರಗಿನವರಿಗೆ ಸಿಗದಿರುವುದು ಹೆಸರು ಮಾತ್ರ. ಆ ಟೈಪ್‌ನ ಮೌಲ್ಯವನ್ನು ಒಂದು ಫಂಕ್ಷನ್ ಹೊರಗೆ ಕೊಟ್ಟರೆ ಅದನ್ನು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬಹುದು, ಅದರ ದೊಡ್ಡಕ್ಷರದ ಮೆಥಡ್‌ಗಳನ್ನು ಕರೆಯಬಹುದು. ದಿನನಿತ್ಯ ಬಳಸುವ ಎರರ್ಸ್.ನ್ಯೂ ಫಂಕ್ಷನ್ ಕೊಡುವುದೇ ಎರರ್‌ಸ್ಟ್ರಿಂಗ್ ಎಂಬ ಸಣ್ಣಕ್ಷರದ ಸ್ಟ್ರಕ್ಟ್‌ನ ಪಾಯಿಂಟರನ್ನು. ಹೆಸರಿನ ಮೊದಲ ಅಕ್ಷರ ಯೂನಿಕೋಡ್‌ನ ದೊಡ್ಡಕ್ಷರವಾಗಿದ್ದರೆ ಮಾತ್ರ ಅದು ಎಕ್ಸ್‌ಪೋರ್ಟ್ ಆಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲದ್ದರಿಂದ ‘ಮರ’ ಎಂಬ ಟೈಪ್ ಎಂದಿಗೂ ಎಕ್ಸ್‌ಪೋರ್ಟ್ ಆಗದು (ನಮ್ಮ ಲಿಪಿಗೆ ಇದು ಅನ್ಯಾಯವೇ ಸರಿ). ಆದರೂ ಅದರ ಮೌಲ್ಯ ಹೊರಗೆ ಹೋಗಿ ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲ.

ಮೌಲ್ಯವನ್ನು ಇಂಟರ್‌ಫೇಸ್‌ನಲ್ಲಿ ಸುತ್ತಿ ಕೊಟ್ಟರೆ ಆ ಇಂಟರ್‌ಫೇಸ್‌ನಲ್ಲಿ ಬರೆದ ಮೆಥಡ್‌ಗಳಷ್ಟೇ ಸಿಗುತ್ತವಲ್ಲ ಎಂದು ಕೇಳಬಹುದು. ನೇರವಾಗಿ ಕರೆಯುವಾಗ ಅದು ನಿಜ. ಆದರೆ ಹ್ಯಾಶ್ ಲೆಕ್ಕ ಹಾಕುವ ಎಂಡಿ5 ಪ್ಯಾಕೇಜನ್ನು ನೋಡಿ. ಅದರ ನ್ಯೂ ಫಂಕ್ಷನ್ ಹ್ಯಾಶ್ ಇಂಟರ್‌ಫೇಸ್ ಕೊಡುತ್ತದೆ, ಒಳಗಿರುವುದು ಡೈಜೆಸ್ಟ್ ಎಂಬ ಸಣ್ಣಕ್ಷರದ ಟೈಪ್. 2018ರಲ್ಲಿ ಬಂದ ಗೋ 1.10 ಆವೃತ್ತಿಯಲ್ಲಿ ಡೈಜೆಸ್ಟ್‌ಗೆ ಮಾರ್ಷಲ್‌ಬೈನರಿ ಮೆಥಡ್ ಸೇರಿತು. ಅರ್ಧ ನಡೆದ ಲೆಕ್ಕವನ್ನು ಉಳಿಸಿಟ್ಟು ಆಮೇಲೆ ಮುಂದುವರಿಸಲು ಅದು ಬೇಕು. ಹ್ಯಾಶ್ ಇಂಟರ್‌ಫೇಸ್‌ಗೆ ಮಾತ್ರ ಅದನ್ನು ಸೇರಿಸಲಿಲ್ಲ. ಸೇರಿಸಿದ್ದರೆ ಆ ಮೆಥಡ್ ಇಲ್ಲದ ಹೊರಗಿನವರ ಟೈಪ್‌ಗಳು ಇಂಟರ್‌ಫೇಸನ್ನು ಪೂರೈಸದಂತಾಗಿ, ಅವುಗಳನ್ನು ಹ್ಯಾಶ್ ಆಗಿ ಬಳಸುವ ಕೋಡ್ ಕಂಪೈಲ್ ಆಗದೆ ನಿಲ್ಲುತ್ತಿತ್ತು. ಬೇಕಾದವರು ಟೈಪ್ ಅಸರ್ಷನ್ ಮೂಲಕ ಆ ಮೌಲ್ಯವನ್ನು ಬೈನರಿಮಾರ್ಷಲರ್ ಇಂಟರ್‌ಫೇಸ್ ಆಗಿ ಪಡೆಯುತ್ತಾರೆ; ಡೈಜೆಸ್ಟ್ ಎಂಬ ಹೆಸರು ಗೊತ್ತಿರಬೇಕಾಗಿಯೇ ಇಲ್ಲ. ಇದು ಕಳ್ಳದಾರಿಯೂ ಅಲ್ಲ. ಪ್ಯಾಕೇಜಿನ ದಾಖಲೆಯಲ್ಲೇ ಇದನ್ನು ಹೇಳಲಾಗಿದೆ. ದತ್ತಾಂಶ ನಕಲಿಸುವ ಐಒ.ಕಾಪಿ ಫಂಕ್ಷನ್ ಕೂಡ ‘ನಿನ್ನಲ್ಲಿ ರೈಟ್‌ಟು ಮೆಥಡ್ ಇದೆಯೇ’ ಎಂದು ಮೂಲವನ್ನು ಹೀಗೆಯೇ ವಿಚಾರಿಸುತ್ತದೆ.

ಹಾಗಾದರೆ ಸಣ್ಣಕ್ಷರ ವ್ಯರ್ಥವೇ? ಖಂಡಿತ ಅಲ್ಲ. ಹೊರಗಿನವರು ಸಾಮಾನ್ಯ ರೀತಿಯಲ್ಲಿ ಆ ಸ್ಟ್ರಕ್ಟನ್ನು ತಾವೇ ಕಟ್ಟಲಾಗದು; ಹೀಗಾಗಿ ಅದು ಅರೆಬರೆ ಸ್ಥಿತಿಯಲ್ಲಿ ಹುಟ್ಟದು, ಲೇಖಕರು ಒಳರಚನೆಯನ್ನು ನಿರಾತಂಕವಾಗಿ ಬದಲಿಸಬಹುದು. ಆದರೆ ಬಚ್ಚಿಡುವುದಷ್ಟೇ ಉದ್ದೇಶವಾಗಿದ್ದರೆ ಇಂಟರ್‌ಫೇಸ್ ಬೇಕಿಲ್ಲ. ಉದಾಹರಣೆಗೆ, ಬೈಟ್ಸ್.ಬಫರ್ ಟೈಪ್‌ನ ಹೆಸರು ದೊಡ್ಡಕ್ಷರದ್ದು, ಫೀಲ್ಡ್‌ಗಳೆಲ್ಲ ಸಣ್ಣಕ್ಷರದವು. ಒಳಗುಟ್ಟೂ ಉಳಿಯಿತು, ಮೆಥಡ್‌ಗಳ ಪಟ್ಟಿಯೂ ದಾಖಲೆಯಲ್ಲಿ ಪೂರ್ತಿ ಕಾಣುತ್ತದೆ. ಹ್ಯಾಶ್‌ನಂತೆ ಒಂದೇ ಕೆಲಸಕ್ಕೆ ಹಲವು ಟೈಪ್‌ಗಳಿರುವಲ್ಲಿ ಇಂಟರ್‌ಫೇಸ್ ಕೊಡುವುದು ಸರಿ. ಇರುವುದೊಂದೇ ಟೈಪ್ ಆಗಿದ್ದರೆ ಅದನ್ನೇ ಕೊಟ್ಟು, ತನಗೆ ಬೇಕಾದಷ್ಟು ಚಿಕ್ಕ ಇಂಟರ್‌ಫೇಸನ್ನು ಬರೆದುಕೊಳ್ಳುವ ಕೆಲಸವನ್ನು ಬಳಸುವ ಪ್ಯಾಕೇಜಿಗೇ ಬಿಡಬೇಕು.