ನಂಜನಗೂಡು, ತಿ.ನರಸೀಪುರದ ನೆಲದಡಿ ಇರೋದು ಗ್ರಾನೈಟೇನಾ? ಬೋರ್‌ವೆಲ್‌ಗೂ ಬಂಡೆಗೂ ಏನು ನಂಟು?

ನಂಜನಗೂಡು: ಬೋರ್‌ವೆಲ್ ಲಾರಿ ಜಮೀನಿಗೆ ಬಂದ ದಿನ ಮನೆಮಂದಿ ಕಣ್ಣೆಲ್ಲ ಗುಂಡಿಯಿಂದ ಹೊರಬೀಳೋ ಪುಡಿಯ ಮೇಲೆ. ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಕೊನೆಗೆ ಬೂದು ಬಣ್ಣದ ದೂಳು. ದೂಳು ಶುರುವಾಯ್ತು ಅಂದ್ರೆ ಗಟ್ಟಿ ಬಂಡೆ ಸಿಕ್ಕಿದೆ ಅಂತ ಅರ್ಥ. ಪಕ್ಕದ ಹೊಲದಲ್ಲಿ ಎರಡಿಂಚು ನೀರು, ಇಲ್ಲಿ ಬರೀ ದೂಳು! ಹಣೆಬರಹ ಅಂತ ಸುಮ್ಮನಾಗುವವರೇ ಹೆಚ್ಚು. ಆದರೆ ಇದರ ಕಾರಣ ಆ ಬಂಡೆಯಲ್ಲೇ ಇದೆ.

ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕ ಮೇಲಕ್ಕೆ ಬಾರದೆ, ಒಳಗೇ ಲಕ್ಷಾಂತರ ವರ್ಷ ನಿಧಾನವಾಗಿ ಆರಿದರೆ ಗ್ರಾನೈಟ್ ಆಗುತ್ತದೆ. ನಿಧಾನಕ್ಕೆ ಆರುವುದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಗಾಜಿನಂತೆ ಹೊಳೆಯುವುದು ಸ್ಫಟಿಕ, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಚುಕ್ಕಿ ಅಭ್ರಕ.

ನಮ್ಮ ಎರಡೂ ತಾಲ್ಲೂಕಿನಲ್ಲಿ ಜನ 'ಗ್ರಾನೈಟ್' ಅನ್ನೋ ಬಂಡೆಗಳಲ್ಲಿ ಬಹುಪಾಲು ನಿಜವಾದ ಗ್ರಾನೈಟ್ ಅಲ್ಲ, ನೈಸ್ ಶಿಲೆ. ಖನಿಜಗಳು ಹೆಚ್ಚುಕಮ್ಮಿ ಅವೇ. ಆದರೆ ಭಾರಿ ಒತ್ತಡ, ಶಾಖಕ್ಕೆ ಸಿಕ್ಕಿ ಕಪ್ಪು-ಬಿಳಿ ಪಟ್ಟೆಗಳಾಗಿ ಮಡಚಿಕೊಂಡಿವೆ. ಮನೆ ಮುಂದಿನ ಹಳೇ ಚಪ್ಪಡಿಗೆ ನೀರು ಸುರಿದು ನೋಡಿದರೆ ಆ ಗೆರೆಗಳು ಎದ್ದು ಕಾಣುತ್ತವೆ. ದಕ್ಷಿಣ ಕರ್ನಾಟಕದ ಬುನಾದಿಯಾದ ಈ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಬಳಗದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮಲ್ಲಿ ಅದೇ ಜಾತಿಯ ಕಲ್ಲು ದಿನಾ ಕ್ರಷರ್‌ಗೆ ಬಿದ್ದು ಜಲ್ಲಿ, ಎಂ-ಸ್ಯಾಂಡ್ ಆಗುತ್ತದೆ.

ನಿಜವಾದ ಗ್ರಾನೈಟ್ ನೋಡಬೇಕೆಂದರೆ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು. ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ರಾಮನಗರದ ಬೆಟ್ಟಗಳ ಗ್ರಾನೈಟ್ 250 ಕೋಟಿ ವರ್ಷದ್ದು ಅಂದ ಮೇಲೆ ಚಾಮುಂಡಿ ಬೆಟ್ಟದ್ದು ಎಳೇ ಕಲ್ಲೇ ಸರಿ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ (1659–1673) ಕಡೆದ ಬೆಟ್ಟದ ನಂದಿಯೂ ಒಂದೇ ಬಂಡೆಯದು.

ಇನ್ನು ಅಡುಗೆಮನೆ ಕಟ್ಟೆಗೆ ಹಾಕಿಸೋ 'ಬ್ಲ್ಯಾಕ್ ಗ್ರಾನೈಟ್'. ಅದು ಅಂಗಡಿಯವರು ಇಟ್ಟ ಹೆಸರು. ಹೆಚ್ಚಾಗಿ ಅದು ಡಾಲರೈಟ್ ಅನ್ನೋ ಕರಿಕಲ್ಲು. ಹಳೇ ಬಂಡೆ ಬಿರುಕು ಬಿಟ್ಟಾಗ ಆಳದಿಂದ ಶಿಲಾಪಾಕ ನುಗ್ಗಿ, ನೆಲದೊಳಗೆ ಗೋಡೆ ಕಟ್ಟಿದಂತೆ ನಿಂತಿದ್ದು. ಇದಕ್ಕೆ ಡೈಕ್ ಅಂತಾರೆ. ದಕ್ಷಿಣ ಭಾರತದ ನೂತನ ಶಿಲಾಯುಗದ ಜನ ಕೊಡಲಿಗೆ ಹೆಚ್ಚಾಗಿ ಆರಿಸಿಕೊಂಡಿದ್ದು ಇಂಥ ಕರಿಕಲ್ಲನ್ನೇ. ಆ ಕಾಲದ ನೆಲೆಯೊಂದು ತಿ.ನರಸೀಪುರದಲ್ಲೇ ಇದ್ದದ್ದು ಎಂ. ಶೇಷಾದ್ರಿ ಅವರು 1959ರಿಂದ ನಡೆಸಿದ ಉತ್ಖನನದಲ್ಲಿ ಗೊತ್ತಾಯಿತು. ಸೋಮನಾಥಪುರದ ದೇವಸ್ಥಾನದ್ದು ಬೇರೆಯದೇ ಕಥೆ, ಅದು ಮೆದುವಾದ ಬಳಪದ ಕಲ್ಲು. ಅಷ್ಟು ಸಣ್ಣ ಕೆತ್ತನೆ ನೈಸ್ ಬಂಡೆಯಲ್ಲಿ ಏಳುವುದು ಕಷ್ಟ.

ಬಂಡೆ ಎಷ್ಟೇ ಗಟ್ಟಿಯಿದ್ದರೂ ಮಳೆ, ಬಿಸಿಲಿಗೆ ಸವೆಯುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಸ್ಫಟಿಕ ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ. ತಲಕಾಡಿನ ದೇವಸ್ಥಾನಗಳನ್ನು ಮುಚ್ಚಿದ ಮರಳಿನಲ್ಲೂ ಕಾವೇರಿ ಹೊತ್ತು ತಂದ ಇಂಥ ಕಣಗಳಿವೆ.

ಈಗ ನೀರಿನ ವಿಚಾರ. ನೈಸ್ ಆಗಲಿ ಗ್ರಾನೈಟ್ ಆಗಲಿ, ಸ್ಪಂಜಿನ ಹಾಗೆ ನೀರು ಹೀರಿಕೊಳ್ಳುವುದಿಲ್ಲ. ನೀರು ನಿಲ್ಲೋದು ಎರಡೇ ಕಡೆ: ಮೇಲಿನ ಶಿಥಿಲವಾದ ಗರಸಿನ ಪದರದಲ್ಲಿ, ಕೆಳಗೆ ಬಂಡೆಯ ಬಿರುಕಿನಲ್ಲಿ. ಕೊರೆತ ಬಿರುಕಿಗೆ ಸಿಕ್ಕಿದರೆ ನೀರು, ಐವತ್ತು ಅಡಿ ಆಚೆ ತಪ್ಪಿದರೆ ದೂಳು. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಂಡು ಕಮ್ಮಿಯಾಗುತ್ತವೆ. 'ಇನ್ನೂ ನೂರಡಿ ಹೋಗ್ಲಿ ಬಿಡಿ' ಅನ್ನೋ ಮಾತಿಗೆ ದುಡ್ಡು ಸುರಿಯೋ ಮುಂಚೆ ರೈತರು ಇದನ್ನು ಲೆಕ್ಕ ಹಾಕಬೇಕು. ನಾಲೆ ನೀರು ತಲುಪದ ಊರುಗಳಲ್ಲಂತೂ ಸಾಲ ಮಾಡಿಯೇ ಕೊರೆಸುತ್ತಾರೆ.

ಡೈಕ್ ಕೂಡ ಗಮನಿಸಬೇಕಾದ್ದು. ನೆಲದೊಳಗಿನ ಆ ಕರಿಗೋಡೆ ಕೆಲವೆಡೆ ಅಣೆಕಟ್ಟಿನಂತೆ ಅಂತರ್ಜಲ ತಡೆಯುತ್ತದೆ. ನೀರು ಹರಿದು ಬರೋ ಕಡೆ ತುಂಬಿಕೊಂಡರೆ, ಇನ್ನೊಂದು ಕಡೆ ಒಣಗುತ್ತದೆ. ಹೊಲದಲ್ಲಿ ಕರಿಗುಂಡುಗಳು ಒಂದೇ ಸಾಲಿನಲ್ಲಿ ಹರಡಿದ್ದರೆ ಕೆಳಗೆ ಡೈಕ್ ಇರಬಹುದು. ಪಾಯಿಂಟ್ ಹಾಕಿಸೋ ಮುಂಚೆ ಆ ಸಾಲನ್ನು ಭೂವಿಜ್ಞಾನಿಗೆ ತೋರಿಸುವುದು ಒಳ್ಳೆಯದು.