ಸೀಸ ಕರಗಿಸಿದ ಒಲೆಯ ಬೂದಿ

ನಮ್ಮ ಅಂಕೋಲಾ ಕಡೆ ಗದ್ದೆ ಕಾಯುವ ಕೇಪಿನ ಕೋವಿಗೂ ಗಂಗಾವಳಿಗೆ ಬೀಸುವ ಬಲೆಗೂ ಸೀಸ ಒಂದೇ. ಹಂದಿ ಕಾಟ ಜಾಸ್ತಿಯಾದಾಗ ನಮ್ಮಜ್ಜ ಹರಿದ ಬಲೆಯ ಸೀಸವನ್ನು ಅಡುಗೆ ಒಲೆಯಲ್ಲೇ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ಹಂದಿಗೆ ಗುಂಡು ಹೊಡೆಯುವಂತಿಲ್ಲ. ಆದರೆ ಬಲೆಗಾಗಿ ಸೀಸ ಹೊಯ್ಯುವುದು ನಿಂತಿಲ್ಲ.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೌದೆ ಒಲೆಯೇ ಸಾಕು. ಈ ಸಲೀಸೇ ಮೋಸ! ಒಮ್ಮೆ ನಾನು ಒದ್ದೆ ಅಚ್ಚಿಗೆ ಹೊಯ್ದೆ. ನೀರು ಒಮ್ಮೆಲೇ ಆವಿಯಾಗಿ ಸೀಸ ಸಿಡಿದು ಮುಂಗೈ ಸುಟ್ಟಿತು. ಗಾಯವೇನೋ ಮಾಯಿತು. ಒಲೆಯಲ್ಲಿ ಉದುರಿದ ಸೀಸದ ಕಿಟ್ಟ ಮಾತ್ರ ಹೋಗುವಂಥದ್ದಲ್ಲ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಬಸಳೆ ಬುಡಕ್ಕೂ ಹಾಕುತ್ತೇವೆ. ಸೀಸ ಮಣ್ಣಲ್ಲಿ ಕೊಳೆಯುವುದಿಲ್ಲ. ಅದು ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟಾದರೆ ಅಡ್ಡಿಯಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ನಾನು ಮನೆಯಿಂದ ದೂರ, ಬಯಲಲ್ಲಿ ಬೇರೆ ಒಲೆ ಹೂಡುತ್ತೇನೆ. ಪಾತ್ರೆ, ಸೌಟು ಅದಕ್ಕೇ ಮೀಸಲು. ಅಚ್ಚು ಬಿಸಿಲಲ್ಲಿ ಒಣಗಿರಬೇಕು. ಹೊಗೆ ನಮ್ಮತ್ತ ಬರಬಾರದು. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು. ಹಳೇ ಬ್ಯಾಟರಿಯ ಸೀಸವನ್ನಂತೂ ಮುಟ್ಟುವುದೇ ಇಲ್ಲ. ಆ ಬೂದಿ ತೋಟಕ್ಕೆ ಬೇಡ. ಕೈಯನ್ನು ಸೋಪು ಹಾಕಿ ತೊಳೆದ ಮೇಲೇ ಕವಳ.

ಕಾರವಾರದ ಕಾಳಿ ದಂಡೆಯವರೂ ಒಮ್ಮೆ ತಮ್ಮ ಒಲೆಯ ಬೂದಿ ನೋಡಿಕೊಳ್ಳಿ ಮಾರಾಯ್ರೆ.