ಎಲೆ ತುದಿಯ ಕೋಸಂಬರಿಯೇ ಊಟವಾಯ್ತು

ರಕ್ತದಾನ ಶಿಬಿರದಲ್ಲಿ ಬೆರಳಿಗೆ ಚುಚ್ಚಿ ನೋಡಿದ ನರ್ಸ್, ‘ನಿಮ್ಮಿಂದ ತಗೊಳ್ಳೋಕಾಗಲ್ಲ’ ಎಂದು ವಾಪಸ್ ಕಳಿಸಿದರು. ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ನನ್ನದು 11. ಪಕ್ಕದಲ್ಲಿದ್ದ ವೈದ್ಯರು ‘ರಾತ್ರಿ ಏನು ತಿಂತೀಯಪ್ಪ?’ ಎಂದರು. ಉತ್ತರ ಹೇಳಲು ನಾಚಿಕೆಯಾಯಿತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ತಿಪಟೂರು ಕಡೆಯಿಂದ ಬಂದು ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿ ಒಂದೂವರೆ ವರ್ಷವಾಗಿತ್ತು. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ ಎಂಬುದು ಮಾಲೀಕರ ಮೊದಲ ಷರತ್ತು. ಮಧ್ಯಾಹ್ನ ಮೆಸ್ಸಿನ ಊಟ. ರಾತ್ರಿ ಗಾಡಿಯ ಗೋಬಿ ಮಂಚೂರಿ, ತಿಂಗಳ ಕೊನೆಯಲ್ಲಿ ಬನ್ನು, ಟೀ. ಅಮ್ಮ ಫೋನಿನಲ್ಲಿ ‘ಊಟ ಆಯ್ತೇನೋ?’ ಎಂದರೆ ‘ಹೂಂ, ಆಯ್ತು’ ಎನ್ನುತ್ತಿದ್ದೆ.

ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಕಾಳು, ತರಕಾರಿ ತಿನ್ನು ಎಂದರು. ಒಲೆಯಿಲ್ಲದೆ ಹೇಗೆ? ಉತ್ತರ ಸಿಕ್ಕಿದ್ದು ರಾಮನವಮಿ ದಿನ, ಬೀದಿ ಕೊನೆಯ ಪೆಂಡಾಲಿನಲ್ಲಿ. ಪಾನಕದ ಜೊತೆ ಕೊಟ್ಟ ದೊನ್ನೆಯ ಕೋಸಂಬರಿ ತಿನ್ನುತ್ತಾ ಹೊಳೆಯಿತು: ಒಗ್ಗರಣೆ ಬಿಟ್ಟರೆ ಇದಕ್ಕೆ ಬೆಂಕಿಯೇ ಬೇಡ! ಬೇಯಿಸದ, ಹಾಲು, ಮೊಸರು, ತುಪ್ಪ ಸೋಕದ ಇಂಥ ಊಟಕ್ಕೆ ಈಗ ‘ರಾ ವೀಗನ್’ ಎಂಬ ದೊಡ್ಡ ಹೆಸರಿದೆ.

ಬೆಳಿಗ್ಗೆ ಲೈಬ್ರರಿಗೆ ಹೊರಡುವಾಗ ಒಂದು ಹಿಡಿ ಹೆಸರುಕಾಳು ನೆನೆಹಾಕುತ್ತೇನೆ. ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಸಂಜೆಗೆ ಮೊಳಕೆ. ಅದಕ್ಕೆ ಹೆಚ್ಚಿದ ಸೌತೆಕಾಯಿ, ಟೊಮೆಟೊ, ತುರಿದ ಕ್ಯಾರೆಟ್, ನವಿಲುಕೋಸು, ಕೊತ್ತಂಬರಿ ಸೊಪ್ಪು, ಒಂದು ಹಸಿಮೆಣಸಿನಕಾಯಿ, ತೆಂಗಿನತುರಿ. ಹೊಟ್ಟೆ ತುಂಬಲು ನೆನೆಸಿದ ಕಡಲೆಬೀಜ, ಕೊನೆಗೊಂದು ಬಾಳೆಹಣ್ಣು. ಉಪ್ಪು ಮಾತ್ರ ತಿನ್ನುವ ಮುಂಚೆ ಹಾಕಬೇಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ನಿಂಬೆರಸ ಬರೀ ರುಚಿಗಲ್ಲ. ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಅದರ ಸಿ ವಿಟಮಿನ್ ನೆರವಾಗುತ್ತದೆ. ಊಟದ ಹಿಂದೆಯೇ ಟೀ ಕುಡಿದರೆ ಅದಕ್ಕೇ ಅಡ್ಡಿ. ಹಾಗಾಗಿ ನನ್ನ ರಾತ್ರಿಯ ಟೀ ನಿಂತಿತು.

ಮೊದಲ ಸಲ ಎಲ್ಲ ಕೆಟ್ಟಿತು. ಬಟ್ಟೆಯ ಬದಲು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದ್ದ ಕಾಳು ಬೇಸಿಗೆಯ ಸೆಕೆಗೆ ವಾಸನೆ ಬಂದು ಕಸಕ್ಕೆ ಹೋಯಿತು. ಎರಡನೇ ಸಲ ಹುರುಪಿನಲ್ಲಿ ಎರಡು ಬಟ್ಟಲು ತಿಂದು ರಾತ್ರಿಯಿಡೀ ಹೊಟ್ಟೆಯುಬ್ಬರ. ಈಗ ಕಾಳನ್ನು ದಿನಕ್ಕೆ ಎರಡು ಸಲ ತೊಳೆಯುತ್ತೇನೆ, ಹಿಡಿಯಷ್ಟೇ ತಿನ್ನುತ್ತೇನೆ. ಎಲ್ಲ ಕಾಳೂ ಹಸಿಯಾಗಿ ಆಗುವುದಿಲ್ಲ. ರಾಜ್ಮಾವನ್ನಂತೂ ಬೇಯಿಸದೆ ಮುಟ್ಟಲೇಬಾರದು. ತರಕಾರಿಯಲ್ಲಿ ಬಿ12 ಸಿಗುವುದಿಲ್ಲ. ಅದಕ್ಕೇ ಮಧ್ಯಾಹ್ನದ ಅನ್ನ, ಮೊಸರು ಬಿಟ್ಟಿಲ್ಲ.

ಫ್ರಿಜ್ ಇಲ್ಲದ ರೂಮಿನಲ್ಲಿ ಒಡೆದ ತೆಂಗಿನಕಾಯಿ ಮರುದಿನಕ್ಕೆ ಉಳಿಯದು. ಅರ್ಧ ಹೋಳನ್ನು ಪಕ್ಕದ ರೂಮಿನ ಗೆಳೆಯನಿಗೆ ಕೊಡಲು ಹೋದೆ. ‘ಏನೋ ಇದು, ಮೇವು ತಿಂತಿದ್ದೀಯಾ?’ ಎಂದು ನಕ್ಕ. ಮೂರನೇ ದಿನ ಸೌತೆಕಾಯಿ ಹಿಡಿದು, ತಟ್ಟೆ ಸಮೇತ ಅವನೇ ಬಂದ. ಈಗ ತುರಿಯುವುದು ಅವನ ಕೆಲಸ, ಹೆಚ್ಚುವುದು ನನ್ನದು. ಖರ್ಚು ಇಬ್ಬರಿಗೂ ಅರ್ಧರ್ಧ, ಮಂಚೂರಿಗಿಂತ ಕಡಿಮೆ. ಹೆಚ್ಚುತ್ತಲೇ ಒಬ್ಬರಿಗೊಬ್ಬರು ಸಂವಿಧಾನದ ವಿಧಿಗಳನ್ನು ಕೇಳಿಕೊಳ್ಳುತ್ತೇವೆ.

ಮೂರು ತಿಂಗಳ ಬಳಿಕ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 12.8. ಮಾತ್ರೆಯ ಪಾಲೇ ಹೆಚ್ಚಿರಬಹುದು. ಅಂದು ರಾತ್ರಿ ಅಮ್ಮನಿಗೆ ಹಳೆಯ ಸುಳ್ಳನ್ನೆಲ್ಲ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಕೋಸಂಬರಿ ಎಲೆ ತುದಿಗೆ ಬಡಿಸೋದು ಕಣೋ, ಅದನ್ನ ಊಟ ಅಂತಾರಾ?’ ಎಂದಳು.

ಮರುದಿನ ಊರಿನ ಬಸ್ಸಿನಲ್ಲಿ ಒಂದು ಚೀಲ ಬಂತು. ಒಳಗೆ ಹನ್ನೆರಡು ತೆಂಗಿನಕಾಯಿ, ಎರಡು ಸೇರು ಹೆಸರುಕಾಳು.